ಬೆಂಕಿ ಇಲ್ದ ಹೊಗಿ ಹೆಂಗ ಬಂತ್ರೀ ಮೇಡಂ?

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಮ್ಮ ಭಾಗದ ನಗರವೊಂದಕ್ಕೆ ರಸ್ತೆ ಗುಡಿಸುವ ಯಂತ್ರ ಮತ್ತು ನೀರು ಸಿಂಪಡಿಸುವ ವಾಹನ ಬಂದ ಸುದ್ದಿ ಓದಿದೆ. ಬಂದದ್ದು ಒಳ್ಳೆಯದೇ ಆಯಿತು. ರಸ್ತೆ ಬದಿ ಬಂಡಿ ಇಟ್ಟುಕೊಂಡು ಮಿರ್ಚಿ ಕರಿಯುವ ಹೆಣ್ಣುಮಕ್ಕಳು ದಿನವಿಡೀ ಎಷ್ಟು ಮಣ್ಣು ಕುಡಿಯುತ್ತಾರೆ ಎಂಬುದನ್ನು ಕಣ್ಣಾರೆ ಕಂಡವಳು ನಾನು. ಆದರೆ ಅದೇ ವರದಿಯ ಕೊನೆಯಲ್ಲಿ, ಧೂಳೊಂದೇ ಸಮಸ್ಯೆ, ಗಂಧಕದ ಡೈಆಕ್ಸೈಡ್ ಮತ್ತು ಅಮೋನಿಯಾದಂಥ ಅನಿಲಗಳು ಮಿತಿಯೊಳಗೇ ಇರುವುದರಿಂದ ಚಿಂತೆಯಿಲ್ಲ ಎಂಬ ಅರ್ಥದ ಒಂದು ಸಾಲಿತ್ತು. ಆ ಒಂದು ಸಾಲಿಗಾಗಿ ಈ ಪತ್ರ. ಉದ್ದವಾದೀತು, ಬೇಸರಿಸಬೇಡಿ. ಅನಿಲ ಬೇರೆ, ಧೂಳು ಬೇರೆ ಎಂದು ಎರಡು ಖಾನೆ ಮಾಡಿ ನೋಡುವ ಈ ರೂಢಿಯೇ ನಮ್ಮನ್ನು ದಾರಿ ತಪ್ಪಿಸುತ್ತಿದೆ. ಇದನ್ನು ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳಬೇಕು ಅನ್ನಿಸಿತು.

ನಾನು ಮೂವತ್ತೊಂದು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು. ಪ್ರತಿ ವರ್ಷ ಲವಣ ವಿಶ್ಲೇಷಣೆಯ ಪಾಠ ಶುರು ಮಾಡುವ ಮೊದಲು ಮಕ್ಕಳಿಗೆ ಒಂದು ಪ್ರಯೋಗ ತೋರಿಸುತ್ತಿದ್ದೆ. ಮೊಳಕ್ಕಿಂತ ಸ್ವಲ್ಪ ಉದ್ದದ, ಎರಡೂ ಕಡೆ ತೆರೆದ ಗಾಜಿನ ನಳಿಕೆ. ಒಂದು ಬಾಯಿಗೆ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದ ಹತ್ತಿ, ಇನ್ನೊಂದು ಬಾಯಿಗೆ ಅಮೋನಿಯಾ ದ್ರಾವಣದಲ್ಲಿ ಅದ್ದಿದ ಹತ್ತಿ. ನಳಿಕೆಯೊಳಗೆ ಏನೂ ಕಾಣುವುದಿಲ್ಲ. ಕೆಲವು ನಿಮಿಷ ಕಳೆಯುವುದರೊಳಗೆ ಒಳಗೋಡೆಯ ಮೇಲೆ ಬೆಳ್ಳಗೆ ಒಂದು ಉಂಗುರ ಮೂಡುತ್ತದೆ, ಅದರಿಂದ ತೆಳ್ಳನೆಯ ಹೊಗೆ ಏಳುತ್ತದೆ. ಉಂಗುರ ನಟ್ಟನಡುವೆ ಮೂಡದೆ ಆಮ್ಲದ ಕಡೆಗೇ ಸರಿದಿರುತ್ತದೆ, ಯಾಕೆಂದರೆ ಹಗುರಾದ ಅಮೋನಿಯಾ ಹೆಚ್ಚು ದೂರ ಓಡಿ ಬಂದಿರುತ್ತದೆ. ಕಣ್ಣಿಗೆ ಕಾಣದ ಎರಡು ಅನಿಲ ಸೇರಿ, ಕೈಗೆ ಹತ್ತುವ ಬಿಳಿ ಪುಡಿಯಾಯಿತು. ಒಂದು ವರ್ಷ ಹಿಂದಿನ ಬೆಂಚಿನಲ್ಲಿ ಕೂತ ಹುಡುಗ ಎದ್ದು ನಿಂತು, “ಬೆಂಕಿ ಇಲ್ದ ಹೊಗಿ ಹೆಂಗ ಬಂತ್ರೀ ಮೇಡಂ?” ಎಂದ. ಬೆಂಕಿ ಇಲ್ಲದೆ ಹೊಗೆಯಾಡದು ಎಂಬ ಮಾತು ಕೇಳಿ ಬೆಳೆದ ಮಗು ಅದು. ನಾನು ಆ ದಿನ ಸಮೀಕರಣ ಬರೆದು ಮುಗಿಸಿದೆ. ಅವನ ಪ್ರಶ್ನೆ ನಮ್ಮ ತಲೆಯ ಮೇಲಿನ ಗಾಳಿಗೇ ಹಾಕಿದ ಪ್ರಶ್ನೆ ಎಂದು ನನಗೆ ಆಗ ಹೊಳೆಯಲಿಲ್ಲ. ಹೊಳೆದದ್ದು ನಿವೃತ್ತಿಯ ನಂತರ, ದೆಹಲಿಯಲ್ಲಿ.

2024ರ ನವೆಂಬರ್‌ನಲ್ಲಿ ಮಗಳ ಮನೆಗೆಂದು ದೆಹಲಿಗೆ ಹೋಗಿದ್ದೆ. ಆ ತಿಂಗಳ 18ರಂದು, ಗಾಳಿ ವಿಪರೀತ ಕೆಟ್ಟಾಗ ಕೈಗೊಳ್ಳುವ ತುರ್ತುಕ್ರಮದ ನಾಲ್ಕನೇ, ಅಂದರೆ ಕೊನೆಯ ಹಂತ ಜಾರಿಯಾಗಿ ಶಾಲೆಯ ಪಾಠ ಮೊಬೈಲಿಗೆ ಬಂತು. ಆರು ವರ್ಷದ ಮೊಮ್ಮಗ ಕಿಟಕಿಗೆ ಮೂಗು ಹಚ್ಚಿ, “ಅಜ್ಜಿ, ಎದುರಿನ ಕಟ್ಟಡ ಎಲ್ಲಿ ಹೋಯ್ತು?” ಎಂದು ಕೇಳುತ್ತಿದ್ದ. ರಾತ್ರಿ ಅವನಿಗೆ ನೆಬ್ಯುಲೈಸರ್ ಹಿಡಿದು ಕೂತಾಗ, ಕೆಳಗೆ ಕಾವಲುಗಾರರು ಚಳಿಗೆಂದು ಹಾಕಿದ ಬೆಂಕಿಯಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂರನೇ ಮಹಡಿಗೂ ಬರುತ್ತಿತ್ತು. ಆ ಬಡವರನ್ನು ದೂರಲಾರೆ, ಅವರಿಗೆ ಬೇರೆ ಹೊದಿಕೆ ಇರಲಿಲ್ಲ. ಆದರೆ ಪಿವಿಸಿ ಎಂಬ ಪ್ಲಾಸ್ಟಿಕ್ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಹೊರಡುತ್ತದೆ ಎಂದು ಬಲ್ಲ ನನಗೆ ನನ್ನ ಗಾಜಿನ ನಳಿಕೆ ನೆನಪಾಯಿತು. ಆಮ್ಲ ಇಲ್ಲಿದೆ, ಹಾಗಾದರೆ ಅಮೋನಿಯಾ ಎಲ್ಲಿ?

ಅಮೋನಿಯಾ ಆ ಬಯಲಿನ ತುಂಬ ಇದೆ. ಉಪಗ್ರಹಗಳು ನೋಡಿದಂತೆ ಗಂಗಾ ಬಯಲು ಜಗತ್ತಿನಲ್ಲೇ ಅತಿ ಹೆಚ್ಚು ಅಮೋನಿಯಾ ತುಂಬಿದ ಗಾಳಿಯ ಪ್ರದೇಶಗಳಲ್ಲಿ ಒಂದು. ಹೊಲಗಳ ಯೂರಿಯಾ, ದನಕರುಗಳ ಗಂಜಲ, ತೆರೆದ ಚರಂಡಿ, ಎಲ್ಲವೂ ಅದಕ್ಕೆ ಸೇರಿವೆ. ಮದ್ರಾಸ್ ಐಐಟಿಯ ವಿಜ್ಞಾನಿಗಳ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿದೆ. ಚಳಿಗಾಲದ ರಾತ್ರಿ ದೆಹಲಿಯಲ್ಲಿ ಕಸದ ಬೆಂಕಿಯಿಂದಲೂ ಕಾರ್ಖಾನೆಗಳಿಂದಲೂ ಬಂದ ಹೈಡ್ರೋಕ್ಲೋರಿಕ್ ಆಮ್ಲ ಈ ಅಮೋನಿಯಾದ ಜೊತೆ ಸೇರಿ ಕಣವಾಗುತ್ತದೆ. ಆ ಕಣ ನೀರು ಹೀರಿ ಊದಿಕೊಳ್ಳುತ್ತದೆ. ಮಂಜು ಕವಿದು ಕಣ್ಣು ಕಾಣದಾಗುವುದರಲ್ಲಿ ಸುಮಾರು ಅರ್ಧ ಪಾಲು ಈ ಕ್ರಿಯೆಯದೇ. ಕಿಟಕಿಯ ಆಚೆ ಕಟ್ಟಡವನ್ನು ನುಂಗಿದ್ದು ನಾನು ಮೂವತ್ತೊಂದು ವರ್ಷ ಮಕ್ಕಳಿಗೆ ತೋರಿಸಿದ ಅದೇ ಬಿಳಿ ಉಂಗುರ.

ಆ ಪುಡಿಯ ಹೆಸರು ಅಮೋನಿಯಂ ಕ್ಲೋರೈಡ್. ನಮ್ಮ ಕಡೆ ಅದಕ್ಕೆ ನವಸಾಗರ ಅನ್ನುತ್ತಾರೆ. ನನ್ನ ವಯಸ್ಸಿನವರಿಗೆ ಕಲಾಯಿಯವನು ನೆನಪಿರಬೇಕು. ಓಣಿಯ ಮೂಲೆಯಲ್ಲಿ ಗುಂಡಿ ತೋಡಿ, ತಿದಿ ಊದಿ, ಹಿತ್ತಾಳೆ ಪಾತ್ರೆ ಕಾಯಿಸಿ, ಒಳಗೆ ನವಸಾಗರದ ಪುಡಿ ಎಸೆದು ಹತ್ತಿಯಿಂದ ಒರೆಸುತ್ತಿದ್ದ. ಬುಸ್ಸನೆ ಬಿಳಿ ಹೊಗೆ ಏಳುತ್ತಿತ್ತು, ಮೂಗು ಚುರುಗುಟ್ಟುತ್ತಿತ್ತು. ಕಾಯ್ದ ಪಾತ್ರೆಯಲ್ಲಿ ಆ ಪುಡಿ ಒಡೆದು ಎರಡು ಅನಿಲವಾಗುತ್ತದೆ. ಮೇಲೆ ತಣ್ಣನೆ ಗಾಳಿ ತಾಗಿದೊಡನೆ ಅವೆರಡೂ ಮತ್ತೆ ಸೇರಿ ಪುಡಿಯಾಗುತ್ತವೆ. ನಾವು ಹೊಗೆ ಎಂದು ಕಂಡದ್ದು ಆಗತಾನೇ ಹುಟ್ಟಿದ ಆ ಪುಡಿಯನ್ನು. ದೆಹಲಿಯ ಗಾಳಿ ಈ ಕಣಕ್ಕೆ ಸಂಬಂಧಿಸಿದಂತೆ ನಡುಹಗಲು ಕೊಂಚ ಹಗುರಾಗಿ, ನಸುಕಿನಲ್ಲಿ ಮತ್ತೆ ಕಟ್ಟಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಬಿಸಿಗೆ ಬಿಡುತ್ತದೆ, ಚಳಿಗೆ ಕೂಡುತ್ತದೆ.

ಇಲ್ಲಿಗೆ ಬಂದು ಯಾರಾದರೂ, ದೆಹಲಿಯ ಕಥೆ ನಮಗ್ಯಾಕೆ ಎಂದು ಕೇಳಬಹುದು. ಊರಿಗೆ ಮರಳಿದ ಮೇಲೆ ನನಗೂ ಹಾಗೇ ಅನ್ನಿಸಿತ್ತು. ಸಿಂಧನೂರಿನಲ್ಲಿ ಆಕಾಶ ಕಾಣುತ್ತದೆ, ಚುಕ್ಕಿ ಕಾಣುತ್ತವೆ. ಆದರೆ ನಮ್ಮ ಭಾಗದ ಭೂಪಟವನ್ನು ಎದುರಿಗೆ ಹರಡಿಕೊಂಡು ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿ. ಕೃಷ್ಣೆಯ ದಡದಲ್ಲಿ ಶಕ್ತಿನಗರ, 1,720 ಮೆಗಾವಾಟ್. ಅದಕ್ಕೆ ಹತ್ತಿರದಲ್ಲೇ ಯರಮರಸ್, 1,600. ಬಳ್ಳಾರಿಯ ಕುಡತಿನಿ, 1,700. ವಿಜಯಪುರ ಜಿಲ್ಲೆಯ ಕೂಡಗಿ, 2,400. ಎಲ್ಲವೂ ಕಲ್ಲಿದ್ದಲಿನವು. ರಾಜ್ಯಕ್ಕೆಲ್ಲ ಬೆಳಕು ಕೊಡುವ ಸ್ಥಾವರಗಳಿವು, ಈ ಪತ್ರ ಟೈಪ್ ಮಾಡುತ್ತಿರುವ ನನ್ನ ತಲೆಯ ಮೇಲಿನ ಫ್ಯಾನೂ ಅವುಗಳಿಂದಲೇ ತಿರುಗುತ್ತಿರಬೇಕು. ಇವುಗಳ ನಡುವೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಯ ಭತ್ತದ ಗದ್ದೆಗಳು, ಅವುಗಳಿಗೆ ಚೆಲ್ಲುವ ಯೂರಿಯಾ. ಒಂದು ಕಡೆ ಗಂಧಕದ ಡೈಆಕ್ಸೈಡ್, ಇನ್ನೊಂದು ಕಡೆ ಅಮೋನಿಯಾ. ಗಾಜಿನ ನಳಿಕೆಯ ಎರಡು ತುದಿಯಲ್ಲಿ ಎರಡು ಹತ್ತಿಯುಂಡೆ ಇದ್ದ ಹಾಗೆ.

ಗಂಧಕದ ಡೈಆಕ್ಸೈಡ್ ನೇರವಾಗಿ ಕಣವಾಗುವುದಿಲ್ಲ. ಬಿಸಿಲು ಬಿದ್ದಾಗ ಗಾಳಿಯಲ್ಲಿ ಹೈಡ್ರಾಕ್ಸಿಲ್ ಎಂಬ ಅತಿ ಚುರುಕಾದ ತುಣುಕುಗಳು ಹುಟ್ಟುತ್ತವೆ. ಅವು ತಾಗಿದಾಗ ಗಂಧಕದ ಡೈಆಕ್ಸೈಡ್ ಹಂತಹಂತವಾಗಿ ಸಲ್ಫ್ಯೂರಿಕ್ ಆಮ್ಲದ ಆವಿಯಾಗುತ್ತದೆ. ಮೋಡ ಇದ್ದರೆ ಹನಿಯೊಳಗೆ ಇದೇ ಕೆಲಸ ಇನ್ನೂ ಬೇಗ ಮುಗಿಯುತ್ತದೆ. ಆ ಆಮ್ಲವನ್ನು ಅಮೋನಿಯಾ ಹಿಡಿದುಕೊಂಡರೆ ಅಮೋನಿಯಂ ಸಲ್ಫೇಟ್. ರೈತರಿಗೆ ಈ ಹೆಸರು ಹೊಸದಲ್ಲ, ಚೀಲದಲ್ಲಿ ಬರುವ ಬಿಳಿ ಹರಳಿನ ಗೊಬ್ಬರವದು. ಭೂಮಿಗೆ ಬಿದ್ದರೆ ಬೆಳೆ, ಕೂದಲೆಳೆಯ ಅಗಲದ ನೂರರಲ್ಲಿ ಒಂದು ಪಾಲಿನಷ್ಟು ಸಣ್ಣದಾಗಿ ಗಾಳಿಯಲ್ಲಿ ತೇಲಿದರೆ ನೇರ ಶ್ವಾಸಕೋಶದ ತಳಕ್ಕೆ. ಪಿಎಂ 2.5 ಎಂದು ಪತ್ರಿಕೆಗಳು ಬರೆಯುವ, ಎರಡೂವರೆ ಮೈಕ್ರೋಮೀಟರ್ ಮೀರದ ಸಣ್ಣ ಕಣಗಳಲ್ಲಿ ಇದು ಸೇರಿದೆ. ಕಾನ್ಪುರ ಐಐಟಿ 2016ರಲ್ಲಿ ದೆಹಲಿ ಸರ್ಕಾರಕ್ಕೆ ಕೊಟ್ಟ ವರದಿ, ಅಲ್ಲಿನ ಚಳಿಗಾಲದ ಪಿಎಂ 2.5ರಲ್ಲಿ ಸುಮಾರು 30ರಷ್ಟು ಪ್ರತಿಶತ ಹೀಗೆ ಗಾಳಿಯಲ್ಲೇ ಹುಟ್ಟಿದ ಕಣಗಳದ್ದು ಎಂದು ಹೇಳಿದೆ. ಯಾವ ಪೊರಕೆಗೂ ಸಿಗದ ಪಾಲು ಅದು, ಏಕೆಂದರೆ ಅದು ರಸ್ತೆಯಿಂದ ಎದ್ದದ್ದೂ ಅಲ್ಲ, ಚಿಮಣಿಯಿಂದ ಬೂದಿಯಾಗಿ ಹೊರಟದ್ದೂ ಅಲ್ಲ.

ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಲೆಕ್ಕವೊಂದನ್ನು ಇಲ್ಲಿಯೂ ಬರೆಯಲು ಅನುಮತಿ ಕೊಡಿ. 1,000 ಟನ್ ಕಲ್ಲಿದ್ದಲು ಉರಿಸಿದೆವು ಅನ್ನೋಣ. ನಮ್ಮ ದೇಶದ ಕಲ್ಲಿದ್ದಲಲ್ಲಿ ಗಂಧಕ ಕಡಿಮೆ, ನೂರಕ್ಕೆ ಅರ್ಧದಷ್ಟು ಎಂದೇ ಹಿಡಿಯೋಣ. 5 ಟನ್ ಗಂಧಕ. ಅದು ಆಮ್ಲಜನಕ ಸೇರಿಸಿಕೊಂಡು 10 ಟನ್ ಗಂಧಕದ ಡೈಆಕ್ಸೈಡ್ ಆಗುತ್ತದೆ. ಅದಿಷ್ಟೂ ಗಾಳಿಯಲ್ಲಿ ಅಮೋನಿಯಾ ಹಿಡಿದು ಕಣವಾದರೆ 20 ಟನ್‌ಗೂ ತುಸು ಹೆಚ್ಚು ಅಮೋನಿಯಂ ಸಲ್ಫೇಟ್. ಎಲ್ಲವೂ ಹಾಗಾಗುವುದಿಲ್ಲ ನಿಜ, ಒಂದಷ್ಟು ಮಳೆಗೆ, ನೆಲಕ್ಕೆ, ಎಲೆಗೆ ಹೋಗುತ್ತದೆ. ಆದರೆ ಅನಿಲವಾಗಿ ಹೊರಟದ್ದು ಕಣವಾಗುವಾಗ ತೂಕ ಇಮ್ಮಡಿಯಾಗುತ್ತದೆ ಎಂಬುದನ್ನು ಗಮನಿಸಿ. 500 ಮೆಗಾವಾಟ್‌ನ ಒಂದೇ ಘಟಕ ಪೂರ್ಣ ಪ್ರಮಾಣದಲ್ಲಿ ನಡೆದರೆ ದಿನಕ್ಕೆ ಏಳೆಂಟು ಸಾವಿರ ಟನ್ ಕಲ್ಲಿದ್ದಲು ಬೇಕು. ಗಂಧಕ ಕಡಿಮೆ ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಈ ಲೆಕ್ಕ ಕಣ್ಣ ಮುಂದೆ ಬರುತ್ತದೆ.

2015ರ ಡಿಸೆಂಬರ್ 7ರಂದು ಕೇಂದ್ರ ಪರಿಸರ ಸಚಿವಾಲಯ ಕಲ್ಲಿದ್ದಲು ಸ್ಥಾವರಗಳಿಗೆ ಮೊದಲ ಬಾರಿಗೆ ಗಂಧಕದ ಡೈಆಕ್ಸೈಡ್ ಮಿತಿ ಹಾಕಿತು. ಎರಡು ವರ್ಷ ಗಡುವು. ಚಿಮಣಿಗೆ ಹೋಗುವ ಮೊದಲು ಹೊಗೆಯನ್ನು ಸುಣ್ಣಕಲ್ಲಿನ ನೀರಿನಿಂದ ತೊಳೆಯುವ ಘಟಕ, ಎಫ್‌ಜಿಡಿ ಅನ್ನುತ್ತಾರೆ, ಅದನ್ನು ಕೂಡಿಸಬೇಕಿತ್ತು. ಗಡುವು ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ಬಂದ ಅಧಿಸೂಚನೆಯಿಂದ ದೇಶದ ಸುಮಾರು 78 ಪ್ರತಿಶತ ಘಟಕಗಳಿಗೆ ಈ ತೊಳೆಯುವ ಕೆಲಸವೇ ಬೇಡವೆಂದಾಯಿತು. ರಾಜಧಾನಿ ವಲಯದ ಅಥವಾ ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರದ 10 ಕಿಲೋಮೀಟರ್ ಒಳಗಿರುವ ಘಟಕಗಳಿಗೆ ಮಾತ್ರ ಅದು ಕಡ್ಡಾಯ. ಇನ್ನೂ ಕೆಲವಕ್ಕೆ ಒಂದೊಂದಾಗಿ ನೋಡಿ ತೀರ್ಮಾನ. ಕೊಟ್ಟ ಮುಖ್ಯ ಕಾರಣಗಳು ಎರಡು: ನಮ್ಮ ಕಲ್ಲಿದ್ದಲಲ್ಲಿ ಗಂಧಕ ಕಡಿಮೆ, ಹೊರಗಾಳಿಯಲ್ಲಿ ಗಂಧಕದ ಡೈಆಕ್ಸೈಡ್ ಮಿತಿಯೊಳಗಿದೆ. ತೊಳೆಯುವ ಘಟಕಕ್ಕೆ ಹಣ ಬೇಕು, ನೀರು ಬೇಕು, ಸುಣ್ಣಕಲ್ಲು ಬೇಕು, ಕರೆಂಟಿನ ದರ ಏರುತ್ತದೆ ಎಂಬ ವಾದವೂ ಇದೆ. ಆ ವಾದಕ್ಕೆ ಅದರದೇ ತೂಕವಿದೆ, ನಾನು ತಳ್ಳಿಹಾಕುವುದಿಲ್ಲ. ನನ್ನ ತಕರಾರು ಆ 10 ಕಿಲೋಮೀಟರಿನ ಬಗ್ಗೆ, ಮತ್ತು ಆ ‘ಮಿತಿಯೊಳಗಿದೆ’ ಎಂಬ ಮಾತಿನ ಬಗ್ಗೆ.

ಗಂಧಕದ ಡೈಆಕ್ಸೈಡ್ ಒಳ್ಳೆಯ ಬಿಸಿಲಿನಲ್ಲೂ ಗಂಟೆಗೆ ನೂರಕ್ಕೆ ಒಂದೆರಡು ಪಾಲಿನಷ್ಟೇ ಆಮ್ಲವಾಗುತ್ತದೆ. ಗಂಟೆಗೆ 15 ಕಿಲೋಮೀಟರ್ ಬೀಸುವ ಗಾಳಿಯಲ್ಲಿ ಚಿಮಣಿಯ ಹೊಗೆ 10 ಕಿಲೋಮೀಟರ್ ದಾಟಲು 40 ನಿಮಿಷ ಸಾಕು. ಅಷ್ಟರಲ್ಲಿ ಬದಲಾದದ್ದು ನೂರಕ್ಕೆ ಒಂದು ಪಾಲಿನಷ್ಟು. ಉಳಿದ ತೊಂಬತ್ತೊಂಬತ್ತು ಪಾಲಿನಲ್ಲಿ ಎಷ್ಟು ಕಣವಾದರೂ ಅದು ಆಗುವುದು ಆ ಗೆರೆಯ ಆಚೆಗೆ, ಮರುದಿನ, ಅದರ ಮರುದಿನ, ನೂರಾರು ಕಿಲೋಮೀಟರ್ ದೂರದಲ್ಲಿ. ಹುಟ್ಟಿದ ಸಲ್ಫೇಟ್ ಕಣ ಮಳೆ ಬಾರದಿದ್ದರೆ ಹಲವು ದಿನ ಗಾಳಿಯಲ್ಲೇ ಇರುತ್ತದೆ. ದೊಡ್ಡ ಘಟಕಗಳ ಚಿಮಣಿ 275 ಮೀಟರ್ ಎತ್ತರ. ಎತ್ತರ ಕಟ್ಟಿದ್ದೇ ಪಕ್ಕದ ಊರಿನ ಮೇಲೆ ಹೊಗೆ ಬೀಳದಿರಲಿ ಎಂದು. ಹಾಗಾಗಿ ಪಕ್ಕದ ಊರಿನಲ್ಲಿ ಅಳತೆಯ ಪೆಟ್ಟಿಗೆ ಇಟ್ಟು ಅನಿಲ ಕಡಿಮೆ ಇದೆ ಎನ್ನುವುದು ನಿಜವೇ ಆಗಿದ್ದರೂ ಅರ್ಧ ಉತ್ತರ. ಆ ಹೊತ್ತಿಗೆ ಅನಿಲ ತಲೆಯ ಮೇಲೆ ಹಾದು ಹೋಗಿದೆ. ದೂರದ ಊರಿನಲ್ಲಿ ಪೆಟ್ಟಿಗೆ ಇಟ್ಟರೂ ಅನಿಲ ಕಡಿಮೆ ಸಿಗುತ್ತದೆ, ಯಾಕೆಂದರೆ ಅಲ್ಲಿ ಅದು ಹೆಸರು ಬದಲಿಸಿಕೊಂಡಿದೆ. ಅಲ್ಲಿ ಅದನ್ನು ಧೂಳಿನ ಖಾನೆಯಲ್ಲಿ ಬರೆದುಕೊಳ್ಳುತ್ತಾರೆ. ಯುರೋಪಿನವರು ಇದನ್ನು ಕಷ್ಟಪಟ್ಟು ಕಲಿತರು. ಬ್ರಿಟನ್ನಿನ ಎತ್ತರದ ಚಿಮಣಿಗಳ ಗಂಧಕ ಸಮುದ್ರ ದಾಟಿ ನಾರ್ವೆ, ಸ್ವೀಡನ್ ಕೆರೆಗಳ ಮೀನು ಕೊಂದ ಮೇಲೆ 1979ರಲ್ಲಿ ಜಿನೀವಾದಲ್ಲಿ ದೇಶಗಳು ಕೂತು ಒಪ್ಪಂದ ಮಾಡಿಕೊಂಡವು.

ನಾನು ಗಾಳಿಯ ಅಳತೆ ಇಡುವ ಒಂದು ಕಚೇರಿಗೆ ಹೋಗಿ, ನಮ್ಮಲ್ಲಿ ಗಂಧಕದ ಡೈಆಕ್ಸೈಡ್ ಎಷ್ಟಿದೆ ಎಂದು ಕೇಳಿದೆ. ಅಲ್ಲಿದ್ದವರು ಮರ್ಯಾದೆಯಿಂದ ಕೂರಿಸಿ, ಚಹಾ ತರಿಸಿ, ಅಂಕಿಗಳ ಹಾಳೆ ತೋರಿಸಿದರು. “ನೋಡ್ರೀ ಮೇಡಂ, ಇಪ್ಪತ್ನಾಕು ತಾಸಿನ ಸರಾಸರಿ ಒಂದು ಘನ ಮೀಟರ್ ಗಾಳಿಗೆ 80 ಮೈಕ್ರೋಗ್ರಾಂ ತನಕ ನಡಿತೈತಿ, ನಮ್ಮಲ್ಲಿ ಅದರ ಹತ್ರಕ್ಕೂ ಇಲ್ಲ.” ಹಾಳೆ ಸುಳ್ಳಲ್ಲ. ಪಿಎಂ 2.5ರಲ್ಲಿ ಸಲ್ಫೇಟ್ ಎಷ್ಟು, ಅಮೋನಿಯಂ ಎಷ್ಟು ಎಂದು ಕೇಳಿದೆ. ಆ ಅಳತೆ ತಾವು ಮಾಡುವುದಿಲ್ಲ ಎಂದರು. ನನ್ನ ಇಡೀ ಪತ್ರ ಆ ಒಂದು ಉತ್ತರದ ಸುತ್ತ ಇದೆ ಸಂಪಾದಕರೇ. ಕಣವನ್ನು ತೂಗುತ್ತೇವೆ, ಅದು ಏನಿಂದ ಆಗಿದೆ ಎಂದು ನೋಡುವುದಿಲ್ಲ. ನೋಡದಿದ್ದರೆ ಅದು ಎಲ್ಲಿಂದ ಬಂತೆಂದು ಹೇಗೆ ತಿಳಿಯಬೇಕು?

ಇಷ್ಟು ಅಲ್ಪ ಪ್ರಮಾಣದ ಅನಿಲ ಏನು ಮಾಡೀತು ಎಂಬ ಸಂದೇಹ ಬರುವುದು ಸಹಜ. ಅದಕ್ಕೆ ಉತ್ತರವಾಗಿ ಎರಡು ಪ್ರಯೋಗಗಳ ಸಂಗತಿ ಹೇಳಬೇಕು. ಮೊದಲನೆಯದರಲ್ಲಿ ನಮ್ಮ ಹತ್ತಿಯೂ ಬರುತ್ತದೆ. 1880ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿ ಜಾನ್ ಐಟ್ಕನ್ ಎರಡು ಗಾಜಿನ ಪಾತ್ರೆ ತೆಗೆದುಕೊಂಡರು. ಒಂದರಲ್ಲಿ ಮಾಮೂಲಿ ಗಾಳಿ, ಇನ್ನೊಂದರಲ್ಲಿ ಹತ್ತಿಯೊಳಗಿನಿಂದ ಸೋಸಿದ ಗಾಳಿ. ಎರಡಕ್ಕೂ ನೀರಿನ ಹಬೆ ಬಿಟ್ಟರು. ಮೊದಲನೆಯದು ದಟ್ಟ ಮಂಜಿನಿಂದ ತುಂಬಿತು. ಎರಡನೆಯದರಲ್ಲಿ ಹಬೆ ಇದ್ದರೂ ಮಂಜಿಲ್ಲ. ಕಣವಿಲ್ಲದೆ ಹನಿ ಕಟ್ಟುವುದಿಲ್ಲ ಎಂದು ಹಾಗೆ ಕಂಡುಕೊಂಡರು. ಗಂಧಕ ಉರಿಸಿದ ಗಾಳಿಯಲ್ಲಿ ಮಂಜು ಎಷ್ಟು ದಟ್ಟವಾಗಿ ಕಟ್ಟುತ್ತದೆ ಎಂಬುದನ್ನೂ ಅವರು ಆಗಲೇ ಗುರುತಿಸಿದ್ದರು. ರಾಯಚೂರಿನ ಹತ್ತಿ ಮಾರುಕಟ್ಟೆಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಐಟ್ಕನ್ನರ ಆ ಹತ್ತಿಯುಂಡೆ ನೆನಪಾಗುತ್ತದೆ.

ಎರಡನೆಯದು ನಮ್ಮ ಕಾಲದ್ದು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಜಾಸ್ಪರ್ ಕರ್ಕ್‌ಬಿ ಅವರ ಮುಂದಾಳತ್ವದಲ್ಲಿ ‘ಕ್ಲೌಡ್’ ಎಂಬ ಪ್ರಯೋಗ ನಡೆಯುತ್ತಿದೆ. 26 ಘನ ಮೀಟರಿನ, ಅಂದರೆ ಒಂದು ಅಡುಗೆಕೋಣೆಯಷ್ಟು ಹಿಡಿಯುವ ಉಕ್ಕಿನ ಪಾತ್ರೆ. ಅದರೊಳಗೆ ಅತಿ ಶುದ್ಧ ಗಾಳಿ ತುಂಬಿ, ಎಣಿಸಿದಷ್ಟೇ ಅನಿಲ ಬಿಟ್ಟು, ಕಣ ಹುಟ್ಟುವುದನ್ನು ಎಣಿಸುತ್ತಾರೆ. 2011ರಲ್ಲಿ ಅವರು ಹೇಳಿದ್ದೇನೆಂದರೆ, ಸಲ್ಫ್ಯೂರಿಕ್ ಆಮ್ಲದ ಆವಿ ಒಂದೇ ಇದ್ದರೆ ಕಣ ಹುಟ್ಟುವುದು ನಿಧಾನ. ಲಕ್ಷ ಕೋಟಿ ಅಣುಗಳಲ್ಲಿ ನೂರು ಅಣು ಅಮೋನಿಯಾ ಸೇರಿಸಿದರೆ ಆ ವೇಗ ನೂರರಿಂದ ಸಾವಿರ ಪಟ್ಟು ಏರುತ್ತದೆ. ಲಕ್ಷ ಕೋಟಿಗೆ ನೂರು ಎಂದರೆ ನಮ್ಮ ಊರಿನ ಅಳತೆಯಲ್ಲಿ ಹೇಳುತ್ತೇನೆ. ಸೋನಾ ಮಸೂರಿಯ ಸಾವಿರ ಕಾಳು ಸುಮಾರು 15 ಗ್ರಾಂ ತೂಗುತ್ತವೆ. 75 ಕಿಲೋದ ಒಂದು ಚೀಲ ಭತ್ತದಲ್ಲಿ 50 ಲಕ್ಷ ಕಾಳು. ಎರಡು ಲಕ್ಷ ಚೀಲ ಒಟ್ಟಿದರೆ ಲಕ್ಷ ಕೋಟಿ ಕಾಳು. ಅಷ್ಟು ಚೀಲಗಳಲ್ಲಿ ಎಲ್ಲೋ ನೂರು ಕಾಳು ಬೇರೆ ತಳಿಯವು ಇದ್ದರೆ ಯಾವ ದಲಾಲಿಯೂ ಗುರುತಿಸಲಾರ. ಗಾಳಿ ಗುರುತಿಸುತ್ತದೆ. ಅಮೋನಿಯಾದ ಹತ್ತಿರದ ಬಂಧುಗಳಾದ ಅಮೀನುಗಳಲ್ಲಿ ಕೆಲವು ಇನ್ನೂ ಚುರುಕು ಎಂದು 2013ರಲ್ಲಿ ಅದೇ ತಂಡ ತೋರಿಸಿತು.

ಇದು ಹೇಗೆ ಸಾಧ್ಯ ಎಂದು ಮಕ್ಕಳು ಕೇಳಿದ್ದರೆ ಹೆಪ್ಪಿನ ಉದಾಹರಣೆ ಕೊಡುತ್ತಿದ್ದೆ. ಗಡಿಗೆ ಹಾಲಿಗೆ ಒಂದು ಹನಿ ಮಜ್ಜಿಗೆ ಸಾಕಲ್ಲವೇ? ಹೋಲಿಕೆ ಪೂರ್ತಿ ಸರಿಯಲ್ಲ, ಮಜ್ಜಿಗೆಯಲ್ಲಿ ಜೀವವಿದೆ, ಅದು ಬೆಳೆಯುತ್ತದೆ. ಇಲ್ಲಿ ಆಗುವುದು ಬೇರೆ. ಆಮ್ಲದ ನಾಲ್ಕೈದು ಅಣು ಒಂದೆಡೆ ಸೇರಿದರೂ ಅಷ್ಟು ಚಿಕ್ಕ ಗುಂಪು ನಿಲ್ಲುವುದಿಲ್ಲ, ಕೂಡಿದಷ್ಟೇ ಬೇಗ ಚದುರುತ್ತದೆ. ಪ್ರತ್ಯಾಮ್ಲವಾದ ಅಮೋನಿಯಾದ ಅಣು ನಡುವೆ ಬಂದು ಕೈ ಹಿಡಿದುಕೊಂಡರೆ ಗುಂಪು ಗಟ್ಟಿಯಾಗುತ್ತದೆ. ಮುಂದಿನ ಅಣು ಬಂದು ಸೇರುವ ತನಕ ತಾಳಿಕೊಳ್ಳುತ್ತದೆ. ಒಂದೂವರೆ ಎರಡು ನ್ಯಾನೋಮೀಟರ್ ದಾಟಿತೆಂದರೆ ಆಮೇಲೆ ಬೆಳೆಯುವುದು ಸುಲಭ. ಮೊದಲೇ ಧೂಳು ತುಂಬಿದ ಗಾಳಿಯಲ್ಲಿ ಆವಿಗಳು ಹೊಸ ಕಣ ಕಟ್ಟುವ ಬದಲು ಇದ್ದ ಕಣದ ಮೇಲೇ ಕೂತು ಅದನ್ನು ದಪ್ಪ ಮಾಡುತ್ತವೆ. ಎರಡೂ ದಾರಿ ಕೊನೆಗೆ ನಮ್ಮ ಎದೆಗೇ ಬರುತ್ತವೆ.

ಅನಿಲದಿಂದ ಕಣ ಹುಟ್ಟುವುದೇ ಕೇಡು ಎಂದು ನಾನು ಹೇಳುತ್ತಿಲ್ಲ. ಫಿನ್ಲೆಂಡಿನ ಹ್ಯುಟಿಯಾಲಾ ಎಂಬಲ್ಲಿ ಪೈನ್ ಕಾಡಿನ ನಡುವೆ 1996ರಿಂದ ಎಡೆಬಿಡದೆ ಅಳೆಯುತ್ತಿದ್ದಾರೆ, ಅಲ್ಲಿ ಮರಗಳು ಬಿಡುವ ಸುವಾಸನೆಯ ಆವಿಯೇ ಕಣಗಳನ್ನು ಬೆಳೆಸುತ್ತದೆ. ಜಗತ್ತಿನ ಮೋಡದ ಹನಿಗಳ ಬೀಜಗಳಲ್ಲಿ ಸುಮಾರು ಅರ್ಧ ಹೀಗೆ ಅನಿಲದಿಂದ ಹುಟ್ಟಿದವು. ನಮ್ಮ ಮಳೆಗೂ ಇದರ ಋಣವಿದೆ. ಮರ ಕೊಡುವಷ್ಟು ಮರ ಕೊಡಲಿ. ನಾವು ಸುರಿಯುತ್ತಿರುವುದು ಅದರ ಮೇಲಿನದು.

ಇನ್ನು ಅಮೋನಿಯಾದ ತುದಿ. ಇದನ್ನು ಬರೆಯುವಾಗ ನನಗೆ ಕೈ ತಡೆಯುತ್ತದೆ, ಯಾಕೆಂದರೆ ಇದು ನನ್ನ ತವರಿನ ಗದ್ದೆ. ನನ್ನ ತಮ್ಮ ಕಾಲುವೆಯ ಕೆಳಗೆ ಹನ್ನೆರಡು ಎಕರೆ ಭತ್ತ ಮಾಡುತ್ತಾನೆ. ನಿಂತ ನೀರಿಗೆ ಯೂರಿಯಾ ಎರಚಿದ ಮರುದಿನವೋ ಅದರ ಮರುದಿನವೋ ಮಧ್ಯಾಹ್ನ ಬದುವಿನ ಮೇಲೆ ನಡೆದರೆ ಕಣ್ಣಿಗೆ ಸಣ್ಣಗೆ ಉರಿ ಹತ್ತುತ್ತದೆ. ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ನಮ್ಮ ಎರೆಭೂಮಿ ಕ್ಷಾರದ ಕಡೆಗಿದೆ, ಬಿಸಿಲಿನಲ್ಲಿ ಪಾಚಿ ಬೆಳೆದು ನೀರು ಇನ್ನೂ ಕ್ಷಾರವಾಗುತ್ತದೆ, ಬಿಸಿಯೂ ಇದೆ. ಇಂಥ ಕಡೆ ಮೇಲೆ ಎರಚಿದ ಸಾರಜನಕದಲ್ಲಿ ಕೆಲವೊಮ್ಮೆ ಮೂರನೇ ಒಂದು ಪಾಲಿನವರೆಗೂ ಗಾಳಿಗೆ ಹೋಗುತ್ತದೆ. 45 ಕಿಲೋ ಚೀಲದಲ್ಲಿ 20 ಕಿಲೋ ಚಿಲ್ಲರೆ ಸಾರಜನಕ, ಅದರಲ್ಲಿ ಆರೇಳು ಕಿಲೋ. ಇದನ್ನು ಹೇಳಿದಾಗ ತಮ್ಮ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಅಕ್ಕ, ಮುಂಜಾನಿಂದ ಸಾಲಿನ್ಯಾಗ ನಿಂತು ತಂದ ಚೀಲ ಐತಿ ಅದು. ಅದ್ರಾಗ ಒಂದು ಪಾಲು ಗಾಳಿಗೆ ಹೋಗ್ತೈತಿ ಅಂತಿಯಲ್ಲ” ಎಂದ. 2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ನಮ್ಮ ರೈತರು ಅಂಗಡಿಗಳ ಮುಂದೆ ನಿಂತದ್ದನ್ನು ತಮ್ಮ ಪತ್ರಿಕೆಯೇ ಬರೆದಿದೆ. ಆ ಸಾಲು ಮತ್ತು ಈ ಗಾಳಿ ಒಂದೇ ವಿಷಯ ಎಂದು ಯಾರೂ ಅವರಿಗೆ ಹೇಳಲಿಲ್ಲ. ಗೊಬ್ಬರವನ್ನು ಮಣ್ಣಿನೊಳಗೆ ಇಟ್ಟರೆ, ನೀರು ಇಳಿಸಿ ಹಾಕಿ ಮತ್ತೆ ನೀರು ಕಟ್ಟಿದರೆ, ಸಂಜೆ ಹೊತ್ತು ಸಣ್ಣ ಸಣ್ಣ ಕಂತಿನಲ್ಲಿ ಕೊಟ್ಟರೆ ನಷ್ಟ ಇಳಿಯುತ್ತದೆ. ಕೂಲಿ ಸಿಗದ ಕಾಲದಲ್ಲಿ ಇದು ಬಾಯಿಮಾತಿನಷ್ಟು ಸುಲಭವಲ್ಲ ಎಂದೂ ಗೊತ್ತಿದೆ. ಆದರೂ ರೈತನಿಗೆ ಇದು ಪರಿಸರದ ಉಪದೇಶವಾಗಿ ಹೋಗಬಾರದು, ಅವನ ದುಡ್ಡಿನ ಲೆಕ್ಕವಾಗಿ ಹೋಗಬೇಕು. ತಮ್ಮ ಪತ್ರಿಕೆಯ ಕೃಷಿ ಪುಟ ಈ ಕೆಲಸ ಮಾಡಬಲ್ಲದು.

ಹಾಗಾದರೆ ಅಮೋನಿಯಾ ತಡೆದರೆ ಸಾಕೇ, ಗಂಧಕ ಬಿಟ್ಟುಬಿಡೋಣವೇ ಎಂದರೆ ನನ್ನ ಉತ್ತರ, ಬೇಡ. ಅಮೋನಿಯಾ ಸಾವಿರಾರು ಗದ್ದೆ, ಕೊಟ್ಟಿಗೆಗಳಿಂದ ಬರುತ್ತದೆ, ಹಿಡಿಯುವುದು ನಿಧಾನದ ಕೆಲಸ. ಗಂಧಕ ಬೆರಳೆಣಿಕೆಯ ಚಿಮಣಿಗಳಿಂದ ಬರುತ್ತದೆ. ಚೀನಾ ತನ್ನ ಗಂಧಕವನ್ನು 2007ರ ನಂತರದ ಒಂದು ದಶಕದಲ್ಲಿ ಮುಕ್ಕಾಲು ಪಾಲು ಇಳಿಸಿತು, ಅದೇ ಅವಧಿಯಲ್ಲಿ ನಮ್ಮದು ಅರ್ಧದಷ್ಟು ಏರಿತು ಎಂದು ಉಪಗ್ರಹದ ದಾಖಲೆ ನೋಡಿದ ವಿಜ್ಞಾನಿಗಳು 2017ರಲ್ಲಿ ಬರೆದರು. ಗಂಧಕ ಇಳಿದ ಮೇಲೆ ಅಲ್ಲಿ ಕೆಲಸವಿಲ್ಲದ ಅಮೋನಿಯಾ ನೈಟ್ರಿಕ್ ಆಮ್ಲದ ಕೈ ಹಿಡಿದು ಬೇರೆ ಕಣವಾಯಿತು ಎಂಬುದೂ ನಿಜ. ಅಮೋನಿಯಂ ನೈಟ್ರೇಟ್ ಚಳಿಯ ಕೂಸು, ರಾಯಚೂರಿನ ಬಿಸಿಲಿಗೆ ಅದು ನಿಲ್ಲುವುದು ಕಷ್ಟ. ಸಲ್ಫೇಟ್ ಹಾಗಲ್ಲ, ಒಮ್ಮೆ ಕಟ್ಟಿದರೆ ನಮ್ಮ ಮೇ ತಿಂಗಳ ಬಿಸಿಲೂ ಅದನ್ನು ಬಿಡಿಸಲಾರದು. ಆದ್ದರಿಂದ ನಮ್ಮ ಸೀಮೆಗೆ ಗಂಧಕವೇ ಮೊದಲ ಕೆಲಸ ಎಂದು ನಾನು ತಿಳಿದಿದ್ದೇನೆ.

ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾದಾಗ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಸೇರಿದವು. ನಗರಗಳ ಅಂಕ ಎಣಿಸುವುದು ಹತ್ತು ಮೈಕ್ರೋಮೀಟರ್‌ವರೆಗಿನ ಕಣಗಳಾದ ಪಿಎಂ 10 ನೋಡಿ, ಅಂದರೆ ಬಹುಪಾಲು ರಸ್ತೆಯ ಮಣ್ಣು ನೋಡಿ. ಗುಡಿಸಿದರೆ ಅಂಕ ಬರುತ್ತದೆ. ನಮ್ಮ ಊರುಗಳು ಆ ಪಟ್ಟಿಯಲ್ಲೂ ಇಲ್ಲ, ಹತ್ತು ಲಕ್ಷದ ನಗರವೂ ಇಲ್ಲಿಲ್ಲ. ಹಾಗಾಗಿ ನಾನು ತಮ್ಮಲ್ಲಿ ಕೇಳುವುದು ಇಷ್ಟು: ರಾಯಚೂರು, ಬಳ್ಳಾರಿ, ಕೊಪ್ಪಳ ಜಿಲ್ಲೆಗಳಲ್ಲಿ ಒಂದೊಂದು ಕಡೆಯಾದರೂ ಕಣದೊಳಗಿನ ಸಲ್ಫೇಟ್, ಅಮೋನಿಯಂ, ಕ್ಲೋರೈಡ್ ಅಳೆಯಿರಿ ಎಂದು ತಮ್ಮ ಪತ್ರಿಕೆ ಒತ್ತಾಯಿಸಲಿ. ಆ ಅಂಕಿ ಬಂದ ದಿನ, ಚಿಮಣಿ ತೊಳೆಯಬೇಕೋ ಬೇಡವೋ ಎಂಬ ಚರ್ಚೆ 10 ಕಿಲೋಮೀಟರಿನ ಗೆರೆ ಬಿಟ್ಟು ನಿಜವಾದ ನೆಲದ ಮೇಲೆ ನಡೆಯಬಹುದು. ಅಲ್ಲಿಯ ತನಕ ‘ಅನಿಲ ಮಿತಿಯೊಳಗಿದೆ, ಚಿಂತೆಯಿಲ್ಲ’ ಎಂಬ ಸಾಲನ್ನು ಯಾರೇ ಹೇಳಿದರೂ ದಯವಿಟ್ಟು ಹಾಗೆಯೇ ಅಚ್ಚು ಹಾಕಬೇಡಿ. ಕಣದಲ್ಲಿ ಏನಿದೆ ಎಂದು ಅವರನ್ನು ಒಂದು ಪ್ರಶ್ನೆ ಕೇಳಿ ಆಮೇಲೆ ಬರೆಯಿರಿ.

ಆ ಗಾಜಿನ ನಳಿಕೆ ಈಗಲೂ ನನ್ನ ಹತ್ತಿರ ಇದೆ. ನಿವೃತ್ತಿಯ ದಿನ ಪ್ರಯೋಗಾಲಯದ ಸಹಾಯಕರು ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ಸಿಂಧನೂರು, ಮಸ್ಕಿ, ಮಾನ್ವಿ, ಲಿಂಗಸುಗೂರು ಕಡೆಯ ಯಾವ ಪ್ರೌಢಶಾಲೆಯವರು ತಮ್ಮ ಪತ್ರಿಕೆಯ ಮೂಲಕ ಕರೆದರೂ ಬಸ್ ಹಿಡಿದು ಬರುತ್ತೇನೆ. ಎರಡು ಸೀಸೆಯ ದ್ರಾವಣ ಶಾಲೆಯವರು ಒದಗಿಸಬೇಕು, ಕೋಣೆಯ ಕಿಟಕಿ ತೆರೆದಿರಬೇಕು, ಮಕ್ಕಳು ಒಂದು ಮಾರು ದೂರ ಕೂರಬೇಕು. ಹತ್ತಿ ನಾನೇ ತರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ,
ಸಿಂಧನೂರು, ರಾಯಚೂರು ಜಿಲ್ಲೆ